ಹಲಗೆ ಸುಟ್ಟ ದಿನ

ಕ್ಲರ್ಕನ್‌ವೆಲ್‌ನ ಡೆಲಕೂರ್ ಅಂಡ್ ಪಿಮ್‌ನವರು
ಅಂಗಡಿಗೆ ಬೀಗ ಹಾಕುವ ಮೊದಲು
ಕಾರ್ಖಾನೆಯ ನೆಲದ ಹಲಗೆಗಳನ್ನೆಲ್ಲ ಕಿತ್ತು ಸುಟ್ಟರು.
ಹುಚ್ಚೇನಲ್ಲ.
ಅರ ಉಜ್ಜಿದ ಪುಡಿ, ಬೂಟಿನಡಿ ಸಿಕ್ಕ ಚೂರು
ಓಕ್ ಮರದ ಸಂದಿಯಲ್ಲಿ
ಇನ್ನೂರು ವರ್ಷದಿಂದ ತೆಪ್ಪಗೆ ಕೂತಿತ್ತು.

ಬಾಗಿಲ ಮೇಲೆ ಸಿಂಹ, ಒಂಟಿಕೊಂಬಿನ ಕುದುರೆ,
'ಅರಮನೆಯ ಚಿನಿವಾರರು' ಎಂಬ ಬಣ್ಣಗೆಟ್ಟ ಬರಹ.
ಮೊದಲ ಡೆಲಕೂರ್ ಪಂಥದ ಕಾಟಕ್ಕೆ ಬೆದರಿ
ಫ್ರಾನ್ಸಿನಿಂದ ಓಡಿಬಂದವನು,
ಕೋಟಿನ ಅಸ್ತರಿನಲ್ಲಿ ಮೂರು ಉಳಿ, ಒಂದು ಊದುಗೊಳವೆ.
ಪಿಮ್ ಎಂಬ ಹೆಸರು ಸೇರಿದ್ದು
ಸಾಲ ಕೊಟ್ಟಿದ್ದಕ್ಕೆ.

ಒಬ್ಬ ದೊರೆಯ ಕಿರೀಟ ಇಲ್ಲೇ ಹುಟ್ಟಿತು, ನಿಜ.
ಲೆಡ್ಜರಿನ ಆ ಪುಟ ತೆಗೆದು ನೋಡಿ:
ವಜ್ರಗಳು ಬಾಡಿಗೆಗೆ.
ಪಟ್ಟಾಭಿಷೇಕ ಮುಗಿದ ಗುರುವಾರ
ಒಂದೊಂದಾಗಿ ಕಿತ್ತು, ಎಣಿಸಿ, ವಾಪಸ್ಸು.
ಹಲ್ಲುದುರಿದ ಬಾಯಂಥ ಚೌಕಟ್ಟನ್ನು
ಹಳೇ ಫ್ಲಾನಲ್ಲಿನಲ್ಲಿ ಸುತ್ತಿ
ಅಟ್ಟಕ್ಕೆ ಹಾಕಿದರು.

ಬೆಂಕಿ ನೋಡಲು ಹೆಸ್ಟರ್ ಪಾರ್ಡೊ ಬಂದಿದ್ದಳು,
ನಲವತ್ನಾಲ್ಕು ವರ್ಷ ಇಲ್ಲಿ ಮೆರುಗು ಕೊಟ್ಟವಳು.
ಬೆಳಿಗ್ಗೆ ಮದುವೆಯುಂಗುರ ಬಾಗಿಲಲ್ಲೇ ಬಿಚ್ಚಿಡಬೇಕಿತ್ತು,
ಲೆಕ್ಕ ತಪ್ಪೀತೆಂದು.
ಒಮ್ಮೆ ವಾರವಿಡೀ ಮರೆತು ಬಿಟ್ಟುಬಂದಳು;
ಗಂಡನಿಗೆ ಗೊತ್ತೇ ಆಗಲಿಲ್ಲ.
ಸಂಜೆ ಪೀಪಾಯಿಯಲ್ಲಿ ಕೈತೊಳೆತ,
ಉಗುರಿನ ಸಂದಿಗೆ ಬ್ರಷ್ಷು,
ತಲೆವಸ್ತ್ರ ಕೊಡವಿ ಹೊರಡಬೇಕು.
ಆ ನೀರನ್ನೂ ತಂಗಲು ಬಿಟ್ಟು ಸೋಸುತ್ತಿದ್ದರು.
ಅಕ್ಕನ ಚಿನ್ನವನ್ನೂ ಅಕ್ಕಸಾಲೆ ಬಿಡ ಎಂಬುದು ನಮ್ಮ ಗಾದೆ;
ಇಲ್ಲಿ ಅಕ್ಕಸಾಲೆಯ ಉಗುರನ್ನೂ
ಧಣಿ ಬಿಟ್ಟವನಲ್ಲ.

ಬೂದಿ ಜರಡಿಗೆ ಹೋಯಿತು, ಜರಡಿಯಿಂದ ಮೂಸೆಗೆ.
ಮೂರನೆಯ ದಿನ ಸಿಕ್ಕಿದ್ದು
ಕೋಳಿಮೊಟ್ಟೆಯಷ್ಟು ಒಂದು ಮುದ್ದೆ.
ಇನ್ನೂರು ವರ್ಷ ಯಾರೂ ಕದಿಯದ್ದು,
ಯಾರಿಗೂ ದಕ್ಕದ್ದು.
ಕಡೆಯ ಪಿಮ್ ಅದನ್ನು ಅಂಗೈಯಲ್ಲಿಟ್ಟು ತೂಗಿದ.
ಬ್ಯಾಂಕಿನವನು ಚೀಲದ ಬಾಯಿ ಹಿಡಿದು ನಿಂತಿದ್ದ.

ಹೆಸ್ಟರ್ ಕೆಮ್ಮಿದಳು, ಅದೇ ಹಳೆಯ ಕೆಮ್ಮು.
ಎದೆ ತಟ್ಟಿಕೊಂಡು,
"ಇದರೊಳಗೆಷ್ಟು ಕೂತಿದೆಯೋ!
ಸತ್ತರೆ ಹೂಳಿ ಮಾರಾಯ್ರೇ, ಸುಡಬೇಡಿ;
ಈ ಜನ ಜರಡಿ ಹಿಡಿದು ಬಂದಾರು" ಎಂದಳು.
ಪಿಮ್ ಕೂಡ ನಕ್ಕ.

ಹೊರಗೆ ಬಸ್ಸು ನಿಂತಿತ್ತು.
ಹೊಸ್ತಿಲ ಬಳಿ ಅವಳು ತಡೆದು,
ಕಬ್ಬಿಣದ ಜಾಲರಿಯ ಮೇಲೆ
ಎಡಗಾಲಿನ ಬೂಟು ಉಜ್ಜಿದಳು,
ಆಮೇಲೆ ಬಲಗಾಲಿನದು,
ಒಂದು ಕಣವೂ ತನ್ನ ಜೊತೆ ಬಾರದ ಹಾಗೆ.