ಒಂದು ಚಿಟಿಕೆ ನೀಲಿ

ಪರಮಾರಿಬೊದಲ್ಲಿ, ನದಿಯಿಂದ ಮೂರನೆಯ ಬೀದಿ.
ವಾಗಿಮಾನ್ ತೀರಿಕೊಂಡ ಮೇಲೆ ನನಗುಳಿದ ಸ್ಟುಡಿಯೊ:
ಒಂದು ಸ್ಟೂಲು, ಎರಡು ಛತ್ರಿದೀಪ,
ಗೋಡೆಯಲ್ಲಿ ಅವನ ಕಾಲದ ಮಾದರಿ ಕಾರ್ಡು.
ಕಾರ್ಖಾನೆ ಕಳಿಸಿದ್ದು, ಹಾಲುಕೆನ್ನೆಯ ಹೆಂಗಸು.
ಅವಳ ಕೆನ್ನೆ ಸರಿಬಂದರೆ
ಲೋಕದ ಕೆನ್ನೆಗಳೆಲ್ಲ ಸರಿಬಂದವೆಂದು ಲೆಕ್ಕ.

ಬೆಳಿಗ್ಗೆ ಮಾ ಕಾರ್ನೇಲಿಯಾ ಬಂದರು.
ಎಂಬತ್ತು ತುಂಬುವ ದೊಡ್ಡ ವರ್ಷ.
ಗಂಜಿ ಹಾಕಿದ ಕೋಟೊ ಉಟ್ಟು
ಬಾಗಿಲಲ್ಲಿ ಅಡ್ಡ ತಿರುಗಿ ಒಳಬಂದರು.
ತಲೆಗೆ ಸುತ್ತಿದ ಅಂಗೀಸದ ಗಂಟಿಗೂ ಒಂದು ಮಾತಿರುತ್ತದಂತೆ;
ಯಾವ ಮಾತೆಂದು ಹೇಳಲಿಲ್ಲ.
ಹಿಂದೆ ರಾಟರ್‌ಡ್ಯಾಮಿನಿಂದ ಬಂದ ಮಗಳು ಮ್ಯೂರಿಯೆಲ್,
ಅವಳ ಹಿಂದೆ ಅವಳ ಮಗ ಕ್ವಿನ್ಸಿ,
ಕೊರಳಲ್ಲಿ ನನ್ನದಕ್ಕಿಂತ ದುಬಾರಿ ಕ್ಯಾಮೆರಾ.

ಆರಿಸಿದ್ದು ಒಂದೇ ಚಿತ್ರ.
ತೆರೆಯ ಮುಂದೆ ಜಗಳ ಮಾತ್ರ ಎರಡು.

"ಬೆಚ್ಚಗೆ ಮಾಡಿ," ಎಂದಳು ಮಗಳು, "ಜೇನಿನ ಹಾಗೆ.
ಅಮ್ಮ ಅಮ್ಮನ ಹಾಗೆ ಕಾಣಲಿ."
ಬಲಕ್ಕೆ ಎಳೆದೆ. ಮುಖಕ್ಕೆ ಬೆಲ್ಲದ ಪಾಕ ಹತ್ತಿತು,
ಕೋಟೊದ ಬಿಳುಪು ಹಳೆ ತುಪ್ಪವಾಯಿತು,
ಎಂಬತ್ತು ವರ್ಷ ಒಂದು ಮಿಠಾಯಿ ಡಬ್ಬಿಯ ಮುಚ್ಚಳವಾಯಿತು.

"ತಣ್ಣಗೆ," ಎಂದ ಮೊಮ್ಮಗ, "ಪತ್ರಿಕೆಯ ಮುಖಪುಟದಂತೆ."
ಎಡಕ್ಕೆ ಎಳೆದೆ. ಕೆನ್ನೆಮೂಳೆ ಉಕ್ಕು.
ತುಟಿಯಲ್ಲಿ ಒಲೆ ಆರಿದ ಬೂದಿ.

ತಣ್ಣಗಿರು ಎಂದು ಹರಸುವ ನಾಲಗೆಯೇ
ಬೆಚ್ಚಗಿರು ಎಂದೂ ಹರಸುತ್ತದೆ;
ನಡುವೆ ಬೆರಳಿಟ್ಟು ಕೂತವನು
ಸುಮ್ಮನೆ ಬೆಚ್ಚಬೇಕು.

ಮುಜುಗರಕ್ಕೆ ಅರೆಪಾಂಡಿತ್ಯ ಬಿಚ್ಚಿದೆ:
ಬೆಂಕಿಯ ಲೆಕ್ಕ ತಲೆಕೆಳಗು, ತಾಯೀ.
ಕಡಿಮೆ ಕಾದದ್ದು ಕೆಂಪು, ಇನ್ನೂ ಕಾದರೆ ಬಿಳಿ,
ಎಲ್ಲಕ್ಕಿಂತ ಉರಿದದ್ದೇ ನೀಲಿ.
ನಾವು ತಂಪೆನ್ನುವ ಬಣ್ಣವೇ ಹೆಚ್ಚು ಸುಟ್ಟದ್ದು.

"ಅದನ್ನು ನನಗೆ ಹೇಳುತ್ತೀಯಾ?"

ಡಚ್ಚರ ಮನೆಗಳ ಅಂಗಿ ಒಗೆದ ಕೈ ಅದು,
ಕೆಂಡದ ಇಸ್ತ್ರಿಪೆಟ್ಟಿಗೆ ಹಿಡಿದ ಕೈ.
"ಬಿಳಿ ಬಟ್ಟೆ ಹಳದಿಗಟ್ಟಿದರೆ
ಕೊನೆಯ ನೀರಿಗೆ ನೀಲಿ ಹಾಕುತ್ತಿದ್ದೆ.
ಕಮ್ಮಿಯಾದರೆ ದೊರೆಸಾನಿಯ ಬೈಗುಳ,
ಹೆಚ್ಚಾದರೆ ಅಂಗಿಗೆ ಹೆಣದ ಕಳೆ.
ಎಳೆಗೂಸಿನ ಕಿವಿಯ ಹಿಂದೆ ಅದೇ ನೀಲಿ,
ಕಣ್ಣು ತಾಗದಿರಲೆಂದು. ಇವಳಿಗೂ ಹಚ್ಚಿದ್ದೆ."

ಚೀಲದಿಂದ ಹಳೆಯದೊಂದು ಫೋಟೊ ತೆಗೆದರು.
ವಾಗಿಮಾನನದೇ ಮೊಹರು, ಮ್ಯೂರಿಯೆಲ್‌ಳ ದೀಕ್ಷಾಸ್ನಾನದ ದಿನ.
ಮಗುವಿನ ಲೇಸು ಎಳೆಎಳೆಯಾಗಿ ಎಣಿಸಬಹುದು.
ಎತ್ತಿಕೊಂಡವಳಿಗೆ ಎರಡು ಕಣ್ಣು, ಒಂದಷ್ಟು ಹಲ್ಲು,
ಉಳಿದದ್ದು ಕತ್ತಲೆ.
ಆ ಕತ್ತಲೆಯೂ ಈಗ ಕೆಂಪೇರಿದೆ,
ಗೋಡೆ ಕೆಂಪು, ಲೇಸು ಕೆಂಪು, ಪಾದ್ರಿಯ ಬೆರಳು ಕೆಂಪು.
"ಆಗ ನಾನು ಹೀಗಿರಲಿಲ್ಲ," ಎಂದರು,
"ಈಗ ಇದೂ ಹಾಗಿಲ್ಲ."

ನಾನು ಗೋಡೆಯ ಹಾಲುಕೆನ್ನೆಯನ್ನು ನೋಡಲಿಲ್ಲ.

ಅವರು ತೆರೆಯ ಪಕ್ಕಕ್ಕೆ ಕೈ ಹಿಡಿದರು,
ಮೊದಲು ಅಂಗೈ, ಆಮೇಲೆ ಮುಂಗೈ.
ಒಂದೇ ಕೈ; ಯಾವ ಮಗ್ಗುಲಿಗೆ ಹೊಂದಿಸಲಿ?
ಅವರ ಪ್ರಶ್ನೆ ಬೇರೆಯೇ ಇತ್ತು:
"ಒಗೆತಕ್ಕೆ ನಿಲ್ಲುವ ಬಣ್ಣ ಯಾವುದು?"

ನಿಜ ಹೇಳಿದೆ. ಇಲ್ಲಿನ ಸೆಕೆಗೆ, ನನ್ನ ಕಾಗದಕ್ಕೆ
ನೀಲಿಯೇ ಮೊದಲು ಹೋಗುವುದು.
ಏನು ಮಾಡಿದರೂ ಎಲ್ಲರೂ ಕೊನೆಗೆ
ಕೆಂಪಗೆ, ಬೆಚ್ಚಗೆ ಆಗುತ್ತಾರೆ.

"ಹಾಗಾದರೆ ಒಂದು ಚಿಟಿಕೆ ನೀಲಿ ಹೆಚ್ಚೇ ಇರಲಿ.
ನಾನಿರುವಷ್ಟು ದಿನ ಚೂರು ಬಿಗಿಯಾಗಿರುತ್ತೇನೆ.
ಆಮೇಲೆ ಗೋಡೆಯ ಮೇಲಿನದು
ತಾನಾಗಿಯೇ ನನ್ನ ಬಣ್ಣಕ್ಕೆ ಇಳಿದು ಬರಲಿ."

ಎಡಕ್ಕೆ ಕೂದಲೆಳೆಯಷ್ಟು ಸರಿಸಿದೆ.
ಮ್ಯೂರಿಯೆಲ್ ಬಾಯಿ ತೆರೆದಳು, ಮುಚ್ಚಿದಳು.
ಎಷ್ಟು ವರ್ಷ ಬೇಕು, ಕೇಳಿದ ಕ್ವಿನ್ಸಿ.
ಇಪ್ಪತ್ತು, ಇಪ್ಪತ್ತೈದು,
ಗೋಡೆಗೆ ಬಿಸಿಲು ಬೀಳದಿದ್ದರೆ, ಎಂದೆ.

ಅಜ್ಜಿ ಆಗಲೇ ಹಣ ಎಣಿಸುತ್ತಿದ್ದರು,
ನೋಟುಗಳನ್ನು ಮೊಣಕಾಲ ಮೇಲಿಟ್ಟು
ಸುಕ್ಕು ತೀಡಿ, ತೀಡಿ.