ಕಾಯುವುದು

ರುಸ್ತಾವಿಯ ನಮ್ಮ ಶೆಡ್ಡಿಗೆ
ಗಾಳಿಗೆ ತಗಡು ಬಡಿದುಕೊಳ್ಳುತ್ತಿದ್ದ ಬೆಳಿಗ್ಗೆ
ಲಮಾರಾ ತನ್ನ ಹಳೇ ಓಪೆಲ್ ತಂದು ನಿಲ್ಲಿಸಿದಳು.
ಡ್ಯಾಶ್‌ಬೋರ್ಡಿನ ಕೆಂಪು ದೀಪದ ಮೇಲೆ
ಗಾಯಕ್ಕೆ ಹಚ್ಚುವ ಪಟ್ಟಿ.
"ಮೂರು ವಾರದಿಂದ ಉರೀತಿದೆ. ನೋಡಲಾರದೆ ಅಂಟಿಸಿದೆ."

ಜುಂಬೇರ್ ಮಾವ ನಗಲಿಲ್ಲ.
ಎಣ್ಣೆಕಡ್ಡಿ ಎಳೆದ, ಒರೆಸಿದ, ಮತ್ತೆ ಅದ್ದಿ ನೋಡಿದ.
ಫಿಲ್ಟರಿನ ಪಕ್ಕ ಮೊಣಕೈವರೆಗೆ ತೂರಿ
ಇಪ್ಪತ್ತನಾಲ್ಕರ ಸಾಕೆಟ್ಟು ಕೇಳಿದ. ಕೊಟ್ಟೆ.
ಅಂಗೈಗೆ ಬಂತು ಸೆನ್ಸರು,
ಅಕ್ರೂಟದಷ್ಟು, ಬೆಚ್ಚಗೆ, ಜಿಡ್ಡು ಜಿಡ್ಡು.
"ಒತ್ತಡ ಇರೋತನಕ ಬಾಯಿ ಬಿಡದ ಜಾತಿ ಇದು.
ಹೋದ ಮೇಲೇ ಕೂಗು."

ಆ ತೂತಿಗೆ ಗೇಜು ತಿರುಗಿಸಿ
ಎಂಜಿನ್ ಕಾಯಲೆಂದು ಕಾದೆವು.
ಮುಳ್ಳು ಎದ್ದದ್ದೇ ನಾಲ್ಕಕ್ಕೆ.
ಆಮೇಲೆ ಮೂರು, ಎರಡು,
(ಲಮಾರಾ ಕೈಗವಸು ಹಿಂಡುತ್ತಿದ್ದಳು)
ಒಂದೂವರೆ.
ಅಲ್ಲೇ ನಿಂತಿತು. ಇನ್ನು ಇಳಿಯಲಿಲ್ಲ.

"ಎಂಜಿನ್ನಿಗೆ ಏನೂ ಆಗಿಲ್ಲ," ಮಾವ ಅಂದ,
"ಚಾಡಿ ಹೇಳಿದವನೇ ಕೆಟ್ಟಿದ್ದಾನೆ."

ಹೊಸದು ಹಾಕಿದೆವು. ಹದಿನೆಂಟು ಲಾರಿ.
ಚಾವಿ ತಿರುಗಿಸಿದಳು: ದೀಪ ಒಂದು ಕ್ಷಣ ಹೊತ್ತಿ ಆರಿತು.
ಪಟ್ಟಿ ಕಿತ್ತಳು, ಅಂಟಿನ ಕಲೆ ಉಗುರಿಗೂ ಹೋಗಲಿಲ್ಲ.
ಹೊರಡಲೂ ಇಲ್ಲ.
"ಹಾಗಾದರೆ ಬತೂಮಿಗೆ ಹೋಗಲೇಬೇಕು," ಅಂದಳು ಸ್ಟೀರಿಂಗಿಗೆ.
"ತಂಗಿಗೆ ಗಾಡಿ ಕೆಟ್ಟಿದೆ ಅಂತ ಹೇಳಿದ್ದೆ."
ಮಾವ ಕೈ ತೊಳೆಯಲು ಹೋದ.

ಆಕೆ ಹೋದ ಮೇಲೆ
ಹಳೆಯದಕ್ಕೆ ಸೈಕಲ್ ಪಂಪು ಸಿಕ್ಕಿಸಿ
ಮೀಟರಿನ ಎರಡು ತಂತಿ ತಾಗಿಸಿದೆ.
ಎಷ್ಟು ಗಾಳಿ ಒತ್ತಿದರೂ
ಕೀಂ, ಅನ್ನುತ್ತಲೇ ಇತ್ತು.