ಹೊಟ್ಟು ಇಳಿಯುವ ಹೊತ್ತು

ಜಮಖಂಡಿಯ ನಮ್ಮ ಶಾಲೆಯ ಬಡಿಗತನದ ಖೋಲಿಯಲ್ಲಿ
ನಾಕೂವರೆಯ ಬಿಸಿಲು ಪಡುವಣ ಕಿಟಕಿಯಿಂದ
ಓರೆಯಾಗಿ ಬಿದ್ದಾಗಲೇ ಗೊತ್ತಾಗುವುದು
ದಿನವಿಡೀ ಏನು ಉಸಿರಾಡಿದೆವು ಅಂತ.

ಇಪ್ಪತ್ತೆರಡು ವರ್ಷ
ಅದನ್ನು ಚಂದ ಅಂದುಕೊಂಡಿದ್ದೆ.
ತೇಗದ ಪುಡಿ ಬಂಗಾರ, ಬೇವಿನದು ನಾಲಿಗೆಗೆ ಕಹಿ,
ಜಾಲಿಯದು ಮೂಗು ಹೊಕ್ಕು ಜಗಳ ತೆಗೆಯುವಂಥದ್ದು.
ಹುಡುಗರ ಹುಬ್ಬು ನರೆತದ್ದು ಕಂಡು
“ಮುದುಕರಾದ್ರಲ್ಲೋ” ಎಂದು ನಗಿಸುತ್ತಿದ್ದೆ.

ಈ ಸಲ ಒಂಬತ್ತನೆಯ ಇಯತ್ತೆಗೆ ಬಂದ ತಸ್ಲೀಮಾ ನದಾಫ
ಕಸಬರಿಗೆ ಎತ್ತಿದ ನನ್ನನ್ನು ತಡೆದಳು:
“ಒಣಾ ಒಣಾ ಹೊಡೀಬ್ಯಾಡ್ರಿ ಸರ್.
ನಮ್ಮಜ್ಜ ಅರಳಿ ಹಿಂಜಾಂವ.
ಬಿಲ್ಲು ಗ್ವಾಡಿಗೆ ಏರಿದ ಮ್ಯಾಲೂ
ಹೆದಿ ಅವನ ಎದ್ಯಾಗ ಮಿಡೀತಿತ್ತು.”

ನೀರು ಚಿಮುಕಿಸಿದೆವು.
ಎದುರುಬದುರಿನ ಕಿಟಕಿ ತೆರೆದೆವು, ಒಂದರ ಚಿಲಕ
ತುಕ್ಕು ಹಿಡಿದು ಸುತ್ತಿಗೆ ಬೇಡಿತು.
ಗುಜರಿಯ ಕೂಲರಿನ ಫ್ಯಾನು ಹೊರಮುಖ ಕೂರಿಸಿ
ಗರಗಸದ ಬಾಯಿಗೆ ಸೊಂಡಿಲಿನಂಥ ಕೊಳವೆ ಕಟ್ಟಿದೆವು.
ಖರ್ಚಿನ ಚೀಟಿಗೆ ಸಹಿ ಹಾಕಲು ಬಂದ ಹೆಡ್‌ಮಾಸ್ತರರು
“ಇಷ್ಟೆಲ್ಲ ಯಾಕ್ರಿ” ಅನ್ನುವಷ್ಟರಲ್ಲಿ
ಎರಡು ಸಲ ಸೀನಿದರು.
ಸಹಿ ಸ್ವಲ್ಪ ಸೊಟ್ಟಗಿದೆ.

ಇವತ್ತು ನಾಕೂವರೆ.
ಬಿಸಿಲಿನ ಕೋಲು ಬಹುತೇಕ ಖಾಲಿ. ಚಂದ ಕಡಿಮೆ.
ಬೆಲ್ಲು ಹೊಡೆದು ಎಲ್ಲರೂ ಓಡಿದರೂ
ಅವಳು ಮುಖದ ಬಟ್ಟೆ ಬಿಚ್ಚದೆ ನಿಂತಿದ್ದಾಳೆ:
“ಕಾಣೂದು ಕುಂತೈತ್ರಿ ಸರ್.
ಕಾಣದ್ದು ಇನ್ನೂ ಐತಿ.”

ಹೂಂ ಅಂದೆ.
ಹೊರಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು,
ಅವಳಿಗೆ ಕೇಳಿಸದಂತೆ
ಕೆಮ್ಮಿದೆ.